ಯಾರೂ ಒಯ್ಯದ ಪೊಟ್ಟಣಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಏಡ್ಸ್ ರೋಗ ಊರನ್ನು ಹೊಕ್ಕು ಕೆಲವು ವರ್ಷಗಳಾಗಿದ್ದವು. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ನನ್ನದೇ ವಯಸ್ಸಿನ ಗಂಡಸರು. ಹೊಸದಾಗಿ ಬಂದಿದ್ದ ಮಾತ್ರೆಯಿಂದ ವಾಂತಿಯಾಗಬಹುದು, ರಕ್ತ ಕಡಿಮೆಯಾಗಬಹುದು ಎಂದು ನಾನು ಹೇಳುತ್ತಿದ್ದರೆ ಅವರು ನನ್ನ ಬಾಯನ್ನೇ ನೋಡುತ್ತಿದ್ದರು, ಒಂದು ಒಳ್ಳೆಯ ಮಾತು ಇನ್ನೂ ಬಾಕಿಯಿದೆಯೇನೋ ಎಂಬಂತೆ.

ಕಟ್ಟಿಟ್ಟ ಪೊಟ್ಟಣವನ್ನು ಯಾರೂ ಬಂದು ಒಯ್ಯದಿದ್ದರೆ ಹೆಸರಿನ ಚೀಟಿ ಕಿತ್ತು ಔಷಧವನ್ನು ಮತ್ತೆ ಕಪಾಟಿಗೆ ಸೇರಿಸುವುದೂ ನನ್ನ ಕೆಲಸವೇ. ಮೊದಮೊದಲು ಅವರ ಮನೆಗೆ ಫೋನ್ ಮಾಡಿ ವಿಚಾರಿಸುತ್ತಿದ್ದೆ; ತೀರಿಕೊಂಡರೆಂಬ ಉತ್ತರವೇ ಹೆಚ್ಚು. ಆಮೇಲೆ ಸುಮ್ಮನೆ ಚೀಟಿ ಕೀಳತೊಡಗಿದೆ.

ನಿದ್ದೆ ಹೋಯಿತು. ಅನ್ನ ಸೇರದಾಯಿತು. ಯುಗಾದಿಯ ದಿನ ಹತ್ತಿರದ ಸ್ಯಾನ್ ಹೊಸೆ ಊರಿನ ಗೆಳತಿಯ ಮನೆಗೆ ನಾವು ಕನ್ನಡಿಗರೆಲ್ಲರೂ ಒಂದೊಂದು ಅಡುಗೆ ಮಾಡಿಕೊಂಡು ಹೋಗುತ್ತಿದ್ದೆವು. ಆ ವರ್ಷ ಅವಳು ಫೋನ್ ಮಾಡಿ, "ನೀನೇನೂ ಮಾಡ್ಕೊಂಡು ಬರಬೇಡ ಕಣೇ, ಪೇಪರ್ ಪ್ಲೇಟು ತಂದ್ರೆ ಸಾಕು" ಎಂದಳು. ರೋಗ ತಗಲೀತೆಂದು ನನ್ನ ಕೈಯಡುಗೆಗೆ ಹೆದರಿದ್ದಳು. ನನಗೆ ಸಿಟ್ಟು ಬರಬೇಕಿತ್ತು, ಬರಲೇ ಇಲ್ಲ. ಅದೇ ನನಗೆ ಭಯ ಹುಟ್ಟಿಸಿತು.

ನಮ್ಮ ಗಿರಾಕಿಗಳಲ್ಲಿ ಒಬ್ಬ ಮೇಷ್ಟ್ರಿದ್ದರು. ಬಂದಾಗಲೆಲ್ಲ ತಮ್ಮ ಹಿತ್ತಲಿನ ನಿಂಬೆಹಣ್ಣು ತಂದುಕೊಡುತ್ತಿದ್ದರು. ನಾನು ಅದರಲ್ಲಿ ಹಾಕಿದ ಉಪ್ಪಿನಕಾಯಿಯನ್ನು ಕಣ್ಣಲ್ಲಿ ನೀರು ಬರಿಸಿಕೊಂಡು ತಿಂದು ಹೊಗಳಿದ್ದರು. ಒಂದು ಮಧ್ಯಾಹ್ನ ಅವರ ಬದಲು ಅವರೊಡನೆ ಬಾಳುತ್ತಿದ್ದ ಜೊತೆಗಾರ ಬಂದ. ಮೇಷ್ಟ್ರು ತೀರಿಕೊಂಡರೆಂದು ಹೇಳಿ, ಉಳಿದಿದ್ದ ಮಾತ್ರೆಗಳನ್ನು ಕೌಂಟರಿನ ಮೇಲಿಟ್ಟು, ಕೊಳ್ಳಲಾಗದ ಯಾರಿಗಾದರೂ ಕೊಡಿ ಎಂದ. ಅಂಗಡಿಯಿಂದ ಹೊರಹೋದ ಔಷಧವನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂದು ನಾನು ಹೇಳಬೇಕಾಯಿತು. ಹಾಗಾದರೆ ನೀವೇ ಎಸೆದುಬಿಡಿ, ನನ್ನಿಂದ ಆಗುವುದಿಲ್ಲ ಎಂದು ಆತ ಹೊರಟುಹೋದ.

ಮುಂದಿನ ಗಿರಾಕಿಗೆ ಮಾತ್ರೆಯ ವಿಷಯ ಹೇಳಲು ಬಾಯಿ ತೆರೆದೆ. ದನಿಯೇ ಹೊರಡಲಿಲ್ಲ.

ನಮ್ಮ ಹಿರಿಯ ಫಾರ್ಮಸಿಸ್ಟ್, ಹೆಚ್ಚು ಮಾತಾಡದ ಅಮೆರಿಕನ್, ನನ್ನನ್ನು ಒಳಗೆ ಕರೆದೊಯ್ದು ರಟ್ಟಿನ ಪೆಟ್ಟಿಗೆಯ ಮೇಲೆ ಕೂರಿಸಿದರು. ತಾವೂ ದಿನಾ ಮನೆಗೆ ಹೋಗುವ ಮುಂಚೆ ಸಮುದ್ರದ ಬಳಿ ಕಾರು ನಿಲ್ಲಿಸಿ ಅಳುವುದಾಗಿ ಹೇಳಿದರು. ಸಾಯುತ್ತಿರುವವರು ನಾವಲ್ಲವಲ್ಲ, ಯಾವ ಬಾಯಲ್ಲಿ ಹೇಳುವುದೆಂದು ಹೆಂಡತಿಗೂ ಹೇಳಿರಲಿಲ್ಲವಂತೆ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಮಾತು. ಡಾಕ್ಟರರನ್ನು ಕಾಣದೆ ಕೆಲಸಕ್ಕೆ ಬರಬೇಡಿ ಎಂದು ಮನೆಗೆ ಕಳಿಸಿದರು.

ಮನೆಯಲ್ಲಿ ಮೊದಲ ಬಾರಿಗೆ ಎಲ್ಲವನ್ನೂ ಗಂಡನಿಗೆ ಹೇಳಿಕೊಂಡೆ. ಅವರು, "ಬಿಟ್ಬಿಡು ಆ ಕೆಲ್ಸಾನ. ಇಲ್ಲೇ ಹತ್ರ ಎಲ್ಲಾದ್ರೂ ನೋಡೋಣ" ಎಂದರು.

"ನಾನು ಬಿಟ್ರೂ ಅವ್ರು ಬರ್ತಾನೇ ಇರ್ತಾರಲ್ಲ ರೀ" ಎಂದೆ. ಹೇಳುತ್ತಲೇ ಅಳು ಬಂತು.

ಕೆಲವು ವಾರ ರಜೆ ಹಾಕಿದೆ. ಮನಸ್ಸಿನ ಡಾಕ್ಟರರ ಬಳಿ ಹೋಗುತ್ತಿರುವುದನ್ನು ಮೈಸೂರಿನ ಅಮ್ಮನಿಗೆ ತಿಳಿಸಲಿಲ್ಲ. ಮರಳಿದಾಗ ಅರ್ಧ ವಾರದಷ್ಟೇ ಕೆಲಸ ಒಪ್ಪಿಕೊಂಡೆ. ಮಧ್ಯಾಹ್ನದ ಊಟಕ್ಕೆ ಹಿರಿಯ ಫಾರ್ಮಸಿಸ್ಟರೂ ನಾನೂ ಜೊತೆಗೆ ಕೂತು, ಆ ವಾರ ತೀರಿಕೊಂಡವರ ಬಗ್ಗೆ ಮಾತಾಡುವುದನ್ನು ರೂಢಿ ಮಾಡಿಕೊಂಡೆವು. ಮರುವರ್ಷ ಅವರು ಇನ್ನು ಸಾಕೆಂದು ಕೆಲಸ ಬಿಟ್ಟರು. ನಾನು ಉಳಿದೆ. ನಿದ್ದೆ ಮರಳಿತು, ಮೊದಲಿನಷ್ಟಲ್ಲ.