ಸೈರನ್ ಇಲ್ಲದ ನಡುಕ

ಮನೆ ಗಡಗಡ ಅಲುಗಿದ್ದೇ ತಡ, ಕಳಕಮ್ಮ ಜೋಳದ ಹಿಟ್ಟಿನ ಬುಟ್ಟಿಯೊಳಗೆ ಮುಖ ಅಡಿಯಾಗಿ ಬಿದ್ದಳು. ಎರಡೂ ಕೈ ಮಾತ್ರ ಮೇಲೆ. ಅವುಗಳಲ್ಲಿ ಖಾನಾವಳಿಗೆ ಹೋಗಬೇಕಿದ್ದ ಖಡಕ್ ರೊಟ್ಟಿಯ ಅಟ್ಟಿ. ರೊಟ್ಟಿ ಉಳಿಯಿತು, ಮುಖ ಹೋಯಿತು.

ಯಲಬುರ್ಗಾ ಕಡೆಯ ಮಂಗಳೂರಿನ (ಕಡಲಿಲ್ಲದ ನಮ್ಮ ಮಂಗಳೂರು) ಆಚೆ ಅವಳ ಹಳ್ಳಿ. ಊರಿಗೊಂದು ಖಾಸಾ ಜ್ವಾಲಾಮುಖಿಯಿದೆ: ಕಲ್ಲಿನ ಕ್ವಾರಿ. ಬೆಂಕಿಯ ಬದಲು ಧೂಳು ಉಗುಳುತ್ತದೆ. ಆದರೆ ಶಿಸ್ತಿನದು, ಸಿಡಿಯುವ ಮೊದಲು ಸೈರನ್ ಕೂಗುತ್ತದೆ. ಕೂಗಿದೊಡನೆ ಹೆಂಗಸರೆಲ್ಲ ತಮ್ಮ ತಮ್ಮ ಆಸ್ತಿ ಹಿಡಿದು ನಿಲ್ಲುತ್ತಾರೆ. ಒಬ್ಬಳು ಕೊಡ, ಒಬ್ಬಳು ಟಿವಿ, ಕಳಕಮ್ಮ ರೊಟ್ಟಿ. ಗೋಡೆ ಹಿಡಿಯಲು ಮಾತ್ರ ಯಾರಿಗೂ ಕೈ ಸಾಲದು. ಅವಳ ಗೋಡೆ ಮೇಲಿಂದ ಕೆಳಗೆ ಬಿರಿದು, ಈಗ ಆ ಬಿರುಕಿನಲ್ಲೇ ಅವಳ ಬಾಚಣಿಗೆಯ ಸಂಸಾರ. ಕ್ವಾರಿಯವರು ಗೋಡೆ ಕಟ್ಟಿಕೊಡಲಿ ಎಂದು ತಾಲೂಕು ಕಚೇರಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. ಅಲ್ಲಿನ ಸಾಹೇಬರ ಮರ್ಜಿ ಬರಲಿಲ್ಲ. ಗುಡ್ಡ ಕರಗಿತು, ಸಾಹೇಬರು ಕರಗಲಿಲ್ಲ.

ಇವತ್ತು ನೋಡಿದರೆ ಸೈರನ್ನೂ ಇಲ್ಲ! ಹಿಟ್ಟು ಮೆತ್ತಿದ ಮುಖದಲ್ಲೇ ಕ್ವಾರಿಯ ಗೇಟಿಗೆ ನಡೆದಳು.

"ಎಲ್ಲಿ ಅದಾನ ನಿಮ್ಮ ಮ್ಯಾನೇಜರ? ಸೈರನ್ ಹಾಕ್ಲಾರ್ದ ಮದ್ದು ಹಾರಿಸ್ತೀರೇನು?"

ಕಾವಲುಗಾರ ಗೋಣೆಪ್ಪ ಹೌಹಾರಿ ಎದ್ದ. "ಯಕ್ಕಾ, ನೀನಾ! ದೆವ್ವ ಅಂತ ಮಾಡಿದ್ದೆ. ಇವತ್ತ ಅಮಾಸಿ, ಕ್ವಾರಿ ಬಂದ್ ಐತಿ. ನನ್ನ ಖುರ್ಚಿನೂ ಅಳ್ಳಾಡಿತು. ಭೂಕಂಪ ಅಂತ ಫೋನಿನ್ಯಾಗ ಬಂದೈತಿ ನೋಡು."

ತಂದ ಬೈಗುಳವನ್ನೆಲ್ಲ ಹೊತ್ತು ಕಳಕಮ್ಮ ಮನೆಗೆ ತಿರುಗಿದಳು. ಭೂಮಿಗೆ ಬೈಯಲು ಯಾವ ಗೇಟಿಗೆ ಹೋಗಬೇಕು?

ಇಷ್ಟು ವರ್ಷ ಬಾರದ ಸಾಹೇಬರು ಮಧ್ಯಾಹ್ನವೇ ಜೀಪಿನಲ್ಲಿ ಬಂದರು. ಜೊತೆಗೆ ಕ್ವಾರಿಯ ಮ್ಯಾನೇಜರ್ ಬಸವಕುಮಾರ. ನೇರ ಕಳಕಮ್ಮನ ಗೋಡೆಗೇ ಬೆರಳು ತೋರಿಸಿದ. "ನೋಡ್ರಿ ಸರ್, ಭೂಕಂಪ ಏನ್ ಮಾಡೈತಿ! ಪಾಪ."

"ಹೌದೇನ್ರಿ? ಮುಂಜಾನೆ ಬಿಟ್ಟ ಬಿರುಕಿನ್ಯಾಗ ಜೇಡ ಯಾವಾಗ ಬಲೆ ನೇಯ್ತು?" ಕಳಕಮ್ಮ ಬಾಚಣಿಗೆಯನ್ನು ಎಳೆದು ಅವನ ಮೂಗಿಗೇ ಹಿಡಿದಳು. "ಇದೂ ಭೂಮ್ಯಾಗಿಂದ ಬಂತೇನು?"

ಸಾಹೇಬರು ಬಾಚಣಿಗೆ ನೋಡಿದರು, ಮ್ಯಾನೇಜರನ್ನು ನೋಡಿದರು, 'ಭೂಕಂಪ' ಎಂದೇ ಬರೆದುಕೊಂಡರು. ಇನ್ನು ಕ್ವಾರಿ ಎಷ್ಟೇ ಸಿಡಿದರೂ ಊರ ಬಿರುಕೆಲ್ಲ ಭೂತಾಯಿಯ ತಲೆಗೆ.

ಹೊರಡುವ ಮುನ್ನ ಸಾಹೇಬರು ದನಿ ಮೆತ್ತಗೆ ಮಾಡಿದರು. "ಹೆದರಬೇಡಿ ಅಮ್ಮಾ. ಭೂಮಿ ನಡುಗಿದಾಗ ನಿಮಗೆ ಏನನ್ನಿಸಿತು?"

ಕಳಕಮ್ಮ ಬಾಚಣಿಗೆಯನ್ನು ಮತ್ತೆ ಬಿರುಕಿಗೆ ಸಿಕ್ಕಿಸಿದಳು.

"ಇವತ್ತ ಮದ್ದು ಭಾಳ ಕಮ್ಮಿ ಹಾಕ್ಯಾರ ಅನ್ನಿಸ್ತ್ರಿ."