ನೂರು ಜಾಗ ನೋಡುವ ಝುಲೈಖಾ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಪುತ್ತೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಝುಲೈಖಾ ರಕ್ತ ಸವರಿದ ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಮೈಕ್ರೋಸ್ಕೋಪಿನ ಮಸೂರವನ್ನು ಅದಕ್ಕೆ ತಾಗಿಸುತ್ತಿದ್ದಳು.

ರಕ್ತ ಮಂಡೆಕೋಲಿನ ದಿಶಾಂತನದು. ಮಂಗಳೂರಿನಲ್ಲಿ ಟೈಲ್ಸ್ ಹಾಕುವ ಕೆಲಸದವನು. ದಿನ ಬಿಟ್ಟು ದಿನ ಚಳಿಜ್ವರ ಬಂದು, ತಾಯಿ ಪಂಕಜಾಕ್ಷಿಯ ಹೆಗಲು ಹಿಡಿದುಕೊಂಡು ಬಂದಿದ್ದ. ಕಾರ್ಡ್ ಪರೀಕ್ಷೆ ಮಲೇರಿಯಾ ಇಲ್ಲ ಎಂದಿತ್ತು.

"ಕಾರ್ಡ್ ನೆಗೆಟಿವ್ ಉಂಟಲ್ಲ, ರಿಪೋರ್ಟ್ ಕೊಟ್ಟು ಕಳಿಸು ಮಾರಾಯ್ತಿ. ಅವರಿಗೆ ಬಸ್ಸು ಹಿಡಿಲಿಕ್ಕುಂಟು," ಎಂದರು ಲ್ಯಾಬಿನ ಒಡತಿ ವಸುಮತಿ.

"ನೂರು ಆಗಲಿ, ಮೇಡಂ."

ಮಸೂರದಡಿ ನೂರು ಜಾಗ ನೋಡದೆ "ಇಲ್ಲ" ಎಂದು ಬರೆಯಬಾರದು ಎಂಬುದು ನಿಯಮ. ಹನ್ನೊಂದು ವರ್ಷಗಳ ಹಿಂದೆ, ಪೆರ್ನಾಳ್ ಹಬ್ಬದ ಮುಂಚಿನ ಸಂಜೆ, ಮನೆಗೆ ಓಡುವ ಅವಸರದಲ್ಲಿ ಅವಳು ಕೆದಂಬಾಡಿಯ ಹುಡುಗಿಯೊಬ್ಬಳ ಸ್ಲೈಡನ್ನು ಮೂವತ್ತಕ್ಕೇ ನಿಲ್ಲಿಸಿ "ಇಲ್ಲ" ಎಂದು ಸಹಿ ಹಾಕಿದ್ದಳು. ನಾಲ್ಕನೇ ದಿನ ಆ ಹುಡುಗಿಯನ್ನು ಐಸಿಯುಗೆ ಒಯ್ದರು. ಹುಡುಗಿ ಬದುಕಿದಳು. ಝುಲೈಖಾಳನ್ನು ಬೈಯಲು ಯಾರೂ ಬರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಅಂದಿನಿಂದ ಬಲಗೈಯಲ್ಲಿ ಸ್ಲೈಡ್ ಸರಿಸುತ್ತ, ನಮಾಝಿನ ನಂತರ ದೇವರ ಸ್ಮರಣೆಯ ದಿಕ್ರ್ ಎಣಿಸಿದ ಹಾಗೆ, ಎಡಗೈ ಬೆರಳ ಗೆರೆಗಳ ಮೇಲೆ ಎಣಿಸುತ್ತಾಳೆ.

"ಎಂತ, ಜಪವಾ? ನಾಳೆಯಿಂದ ಬೇರೆಯವರನ್ನು ಕೂರಿಸುದೇ," ಎಂದರು ವಸುಮತಿ.

"ಕೂರಿಸಿ. ಇವತ್ತು ಕೂತದ್ದು ನಾನಲ್ವಾ? ಅಷ್ಟು ಅವಸರ ಇದ್ರೆ 'ಇಲ್ಲ' ಅಂತ ಬರೆದು ನೀವೇ ಸಹಿ ಹಾಕಿ."

ವಸುಮತಿ ಪೆನ್ನು ಮುಟ್ಟಲಿಲ್ಲ.

ಪಂಕಜಾಕ್ಷಿ ಬಾಗಿಲಲ್ಲಿ ತಲೆ ಹಾಕಿದರು. "ಬಸ್ಸು ಹೋಗುದಾದ್ರೆ ಹೋಗ್ಲಿ ಅಕ್ಕ. ನೀವು ಸರಿ ನೋಡಿ."

ನಲವತ್ತೊಂದನೆಯ ಜಾಗದಲ್ಲಿ ಬೆರಳು ನಿಂತಿತು. ಲೇಪನದ ಅಂಚಿನಲ್ಲಿ ಕರಗಿದ ಕೆಂಪು ರಕ್ತಕಣವೊಂದರ ಮಸುಕು ನೆರಳು: ಇರಬೇಕಾದುದಕ್ಕಿಂತ ದೊಡ್ಡದು, ಮೈತುಂಬ ಗುಲಾಬಿ ಚುಕ್ಕಿ. ಒಳಗೆ ನೀಲಿ ಉಂಗುರ, ಅದಕ್ಕೊಂದು ಕೆಂಪು ಬಿಂದು. ವೈವಾಕ್ಸ್ ಮಲೇರಿಯಾ. ಕಾರ್ಡಿಗೆ ಸಿಗದಷ್ಟು ಕಡಿಮೆ.

ಎಷ್ಟಿದೆ ಎಂದು ತಿಳಿಯಲು ಹೊಸ ಜಾಗದಿಂದ ಮತ್ತೆ ಎಣಿಸಿದಳು. ಐನೂರು ಬಿಳಿ ರಕ್ತಕಣಗಳ ನಡುವೆ ಪರಾವಲಂಬಿಗಳು ಎರಡೇ. ಒಂದು ಮೈಕ್ರೋಲೀಟರಿಗೆ ಎಂಟು ಸಾವಿರ ಬಿಳಿ ಕಣ ಎಂದು ಹಿಡಿದು ಕಾಗದದಲ್ಲಿ ಲೆಕ್ಕ ಕಟ್ಟಿ, ಡಾಕ್ಟರಿಗೆ ಫೋನ್ ಹಚ್ಚಿ ವೈವಾಕ್ಸ್ ಉಂಟು ಎಂದಳು.

"ಕಾರ್ಡಲ್ಲಿ ಇಲ್ಲ ಅಂತ ವಸುಮತಿ ಹೇಳಿದ್ರಲ್ಲ? ನಿಮಗೆ ಎಷ್ಟು ಕಂಡದ್ದು?"

ಝುಲೈಖಾ ಸ್ಟೂಲಿನಿಂದ ಎದ್ದಳು. ವಸುಮತಿಯನ್ನೇ ನೋಡುತ್ತ, ಒಂದೊಂದು ಅಕ್ಷರವೂ ಕೇಳುವ ಹಾಗೆ ಹೇಳಿದಳು:

"ಸಾರ್, ಒಂದು ಮೈಕ್ರೋಲೀಟರ್ ರಕ್ತಕ್ಕೆ ಮೂವತ್ತೆರಡು."