ಕೈಗಡುಕರ ಮನೆಯ ಹೆಸರು

ನನ್ನ ತವರಿನವರ ಅಡ್ಡಹೆಸರು ಉಪ್ಪಿನ. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ಮಾರಿದವರು. ಮಂಗಸೂಳಿಯ ಆ ಮನೆಯಿಂದ ಬೇಡಕಿಹಾಳಕ್ಕೆ ಸೊಸೆಯಾಗಿ ಬಂದಾಗ, ತಾಳಿಯ ಜೊತೆಗೇ ಕೈಗಡುಕರ ಎಂಬ ಹೆಸರೂ ಕೊರಳಿಗೆ ಬಿತ್ತು. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಕೊಡಲಿ ಎಲ್ಲ ಅಡ್ಡಹೆಸರುಗಳೇ. ಯಾರೂ ಏನೂ ಅನ್ನುವುದಿಲ್ಲ. ನಮ್ಮದನ್ನು ಕೇಳಿದರೆ ಮಾತ್ರ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಕತೆ ಇಷ್ಟೇ. ಗಂಡನ ಅಜ್ಜ ಬಾವಿ ನೀರಿನ ಪಾಳಿಗಾಗಿ ಜಗಳಕ್ಕೆ ಬಿದ್ದು, ಬಾಜೂ ಹೊಲದವನ ಬಲಗೈಯನ್ನು ಕುಡಗೋಲಿನಿಂದ ಕಡಿದುಹಾಕಿದ. ಅವನು ಜೈಲಿನಿಂದ ತಿರುಗಿ ಬರುವುದರೊಳಗೆ ಊರು ಮನೆತನಕ್ಕೆ ಹೆಸರಿಟ್ಟಿತ್ತು. ಮಕ್ಕಳನ್ನು ಸಾಲೆಗೆ ಹಾಕಿದಾಗ ಮಾಸ್ತರರು ಅದನ್ನೇ ಬರೆದುಕೊಂಡರು.

ಹೋದ ವರ್ಷ ಮಗಳಿಗೆ ಅಥಣಿ ಕಡೆಯ ದ್ರಾಕ್ಷಿ ತೋಟದವರ ಸಂಬಂಧ ಕೂಡಿ ಬಂತು. ಹುಡುಗನ ತಂದೆ ಚಹಾ ಕುಡಿಯುತ್ತ, "ಎಲ್ಲಾ ಚಲೋ ಐತ್ರಿ. ಲಗ್ನಪತ್ರಿಕಿ ಮ್ಯಾಲ ಆ ಹೆಸರ ಒಂದ ಬ್ಯಾಡ್ರಿ," ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರಾಠಿ ಗಡಿಯ ರೂಢಿಯಂತೆ ಊರಿನ ಹೆಸರಿಗೆ ‘ಕರ’ ಹಚ್ಚಿ ಬೇಡಕಿಹಾಳಕರ ಆಗುವುದೆಂದು ಮಾತಾಯಿತು. ನಮ್ಮ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಹೊಸ ಹೆಸರನ್ನು ನಾನೇ ಮುಂದೆ ನಿಂತು ಬರೆಸಿದೆ.

ಬಣ್ಣ ಆರುವ ಮೊದಲೇ ಬಾಜೂ ಹೊಲದವರು ಬಂದರು. ಕೈ ಕಳೆದುಕೊಂಡವನ ಮೊಮ್ಮಗ, ನನ್ನ ಗಂಡನ ವಾರಗೆಯವನು, ಬಡಿಗೆ ಬೀಸಿ ಟ್ರ್ಯಾಕ್ಟರಿನ ಲೈಟು ಒಡೆದ. "ನಮ್ಮ ಅಜ್ಜನ ಕೈ ತಿಂದು ಈಗ ಹೆಸರ ತೊಳಕೋತೀರೇನಲೇ?" ಎಂದ. ತಡೆಯಲು ಹೋದ ನಮ್ಮವರ ತಲೆಗೆ ಎರಡನೇ ಏಟು ಬಿತ್ತು. ರಕ್ತ ಕಣ್ಣಿಗಿಳಿದು ಕುಸಿದು ಕೂತರು. ದನಗಳಿಗೆ ಕಣಿಕೆ ಕತ್ತರಿಸುತ್ತಿದ್ದ ಕುಡಗೋಲು ನನ್ನ ಕೈಯಲ್ಲೇ ಇತ್ತು. ಕಡಿಯಬೇಕೆಂದೇ ಓಡಿದೆ, ಸುಳ್ಳು ಯಾಕೆ ಹೇಳಲಿ.

ಅವನ ಮುದಿ ತಾಯಿ ಅಡ್ಡ ಬಂದಳು. "ನಿಮ್ಮ ಹಿರ್ಯಾರು ಯಾರ ಕೈ ಕಡದಾರ ಅನ್ನೂದರ ಗೊತ್ತೈತೇನ? ಹೆಸರ ಹೇಳ್ರಿ."

"ಮೋಟಗೈ ಅಜ್ಜಂದು," ಎಂದರು ನಮ್ಮವರು ಕೂತಲ್ಲಿಂದಲೇ.

"ಅದು ನೀವು ಮಾಡಿದ ಹೆಸರ. ಹಡದವರು ಇಟ್ಟದ್ದು ಯಾವುದು?"

ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

"ನಾ ಸೊಸಿಯಾಗಿ ಬಂದಾಗಿಂದ ಅವರು ಸಾಯೂತನಕ ರೊಟ್ಟಿ ಮುರದ ಕೊಟ್ಟೇನಿ. ಅವರದೊಂದ ಫೋಟೋ ಸೈತ ಇಲ್ಲ. ನಿಮ್ಮ ಅಡ್ಡಹೆಸರ ಕೇಳಿದಾಗಷ್ಟ ಮಂದಿ ಅವರನ್ನ ನೆನೀತಿದ್ರು. ಅದನ್ನೂ ಕಡೀತೀರಿ?"

ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರನ್ನು ಬಾಯಿಂದ ಆಡುವುದಿಲ್ಲ. ಆಕೆಯೂ ಆವರೆಗೆ ಆಡಿರಲಿಕ್ಕಿಲ್ಲ. ಅಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನನ್ನ ಕುಡಗೋಲಿನ ಎದುರಿಗೇ ನಿಂತು, ಮಾವನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಮಗನ ಕೈಯಿಂದ ಬಡಿಗೆ ಬಿತ್ತು. ನಾನು ಕುಡಗೋಲನ್ನು ಕೆಳಗಿಟ್ಟೆ.

ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದವರೇ ನಮ್ಮವರು ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟಿದ್ದ ನಿಪ್ಪಾಣಿಯ ಪ್ರೆಸ್ಸಿಗೆ ಫೋನ್ ಮಾಡಿ, ಹಳೆಯ ಹೆಸರೇ ಇರಲಿ ಎಂದರು. ಅಥಣಿಯವರು ಸಂಬಂಧ ಬಿಟ್ಟರು. ಮಗಳು ಊಟ ಬಿಟ್ಟು ಮಲಗಿದಳು. ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ, ಯಾರನ್ನು ಬೈಯಬೇಕೆಂದು ಮಾತ್ರ ತಿಳಿಯುವುದಿಲ್ಲ. ಈಗ ಹೆಣ್ಣು ನೋಡಲು ಬಂದವರು ಅಡ್ಡಹೆಸರಿನ ಅರ್ಥ ಕೇಳಿದರೆ ನಾನೇ ಹೇಳುತ್ತೇನೆ. ಮೊದಲು ಕೈ ಯಾರದು, ಅವರ ಹೆಸರೇನು ಎಂದು. ಆಮೇಲೆ ಕಡಿದವರು ನಾವು ಎಂದು.